ಆಲೆಮನೆ, ಅಕ್ಕಿ ಗಿರಣಿಯನ್ನು ವಾಸದ ಮನೆ ಮಾಡಿಕೊಳ್ಳುವ ಕ್ರಮ

ಮಂಡ್ಯ ಜಿಲ್ಲೆಯ ಕಬ್ಬಿನ ಸೀಮೆಯಲ್ಲಿ ಒಲೆ ಆರಿದ ಆಲೆಮನೆಗಳಿವೆ. ಮಂಡ್ಯ, ಮೈಸೂರು ಎರಡೂ ಕಡೆ ಬಾಗಿಲು ಹಾಕಿದ ಅಕ್ಕಿ ಗಿರಣಿ, ಎಣ್ಣೆ ಗಿರಣಿ, ಗೋದಾಮುಗಳಿವೆ. ಎತ್ತರದ ಸೂರು, ದಪ್ಪ ಗೋಡೆ, ನಡುವೆ ಕಂಬವಿಲ್ಲದ ದೊಡ್ಡ ಒಳಾಂಗಣ ಇವುಗಳ ಆಸ್ತಿ. ಅದನ್ನು ಕೆಡವಿ ಅದೇ ಜಾಗದಲ್ಲಿ ಆರ್‌ಸಿಸಿ ಮನೆ ಕಟ್ಟುವುದಕ್ಕಿಂತ ಇದ್ದದ್ದನ್ನು ಉಳಿಸಿಕೊಳ್ಳುವುದೇ ಒಳ್ಳೆಯದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಆದರೆ ಇಂಥ ಕೆಲಸ ಹೆಚ್ಚಾಗಿ ಕೆಡುವುದು ಒಂದೇ ಕಾರಣಕ್ಕೆ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡದೆ ಜನ ಮೊದಲೇ ಸಿಮೆಂಟ್ ಪ್ಲಾಸ್ಟರಿಂಗ್, ಟೈಲ್ಸ್, ಪೇಂಟ್ ಮಾಡಿಸಿಬಿಡುತ್ತಾರೆ. ಎರಡನೇ ಮಳೆಗಾಲದ ಹೊತ್ತಿಗೆ ಅದೆಲ್ಲ ಉದುರುತ್ತದೆ. ಅದಕ್ಕೇ ಇಲ್ಲಿ ಕೆಲಸದ ಕ್ರಮ ಹೀಗಿದೆ: ಕಾಗದಪತ್ರ, ನೀರು, ಸೂರು, ಗೋಡೆ, ನೆಲ, ಉಳಿದದ್ದು ಆಮೇಲೆ.

ಕಾಗದಪತ್ರ

ಆಲೆಮನೆ ನಿಂತಿರುವುದು ಸಾಮಾನ್ಯವಾಗಿ ವ್ಯವಸಾಯದ ಜಮೀನಿನಲ್ಲಿ. ಕಟ್ಟಡ ಇದೆ ಎಂದಮಾತ್ರಕ್ಕೆ ಆ ಜಾಗ ವಾಸಕ್ಕೆ ಪರಿವರ್ತನೆಯಾಗಿದೆ ಎಂದಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ಭೂ ಪರಿವರ್ತನೆಯ ಆದೇಶ ಬೇಕು. ಗಿರಣಿಯ ಜಾಗಕ್ಕೆ ಆದೇಶ ಇದ್ದರೂ ಅದು ಕೈಗಾರಿಕೆಗೆ ಎಂದು ಆಗಿರಬಹುದು. ಆಗ ಕೈಗಾರಿಕೆಯಿಂದ ವಾಸಕ್ಕೆ ಉಪಯೋಗ ಬದಲಿಸಿಕೊಳ್ಳಲು ಮತ್ತೆ ಅರ್ಜಿ ಹಾಕಬೇಕು. ಆದ್ದರಿಂದ ಆದೇಶದ ಪ್ರತಿಯಲ್ಲಿ ಯಾವ ಉದ್ದೇಶಕ್ಕೆ ಎಂದು ಬರೆದಿದೆ ಎಂಬುದನ್ನೇ ಓದಿ.

ಪಹಣಿಯಲ್ಲಿ 9ನೇ ಕಾಲಂ ಮಾಲೀಕರದ್ದು, 11ನೇ ಕಾಲಂ ಸಾಲ ಮತ್ತು ಇತರ ಹಕ್ಕುಗಳದ್ದು. ಗಿರಣಿ, ಆಲೆಮನೆಗಳ ಮೇಲೆ ಬ್ಯಾಂಕ್ ಅಥವಾ ಸಹಕಾರ ಸಂಘದ ಸಾಲ ಇರುವುದು ಸಾಮಾನ್ಯ. ಋಣಭಾರ ಪ್ರಮಾಣಪತ್ರವನ್ನು 30 ವರ್ಷಗಳಿಗೆ ತೆಗೆಸಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದ್ದರೆ ಇ-ಸ್ವತ್ತು (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ಖಾತೆ ಕೇಳಿ. ಪರಿಶಿಷ್ಟರಿಗೆ ಮಂಜೂರಾಗಿದ್ದ ಜಮೀನಾಗಿದ್ದರೆ ಅಂಥ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ಬರುತ್ತದೆ. ಎಷ್ಟೇ ಕೈ ಬದಲಾಗಿದ್ದರೂ ಮೂಲ ಮಂಜೂರಾತಿಯವರೆಗೆ ಹಿಂದಕ್ಕೆ ಹೋಗಿ ನೋಡಲೇಬೇಕು.

ಶ್ರೀರಂಗಪಟ್ಟಣದಲ್ಲಿ ಇನ್ನೊಂದು ಎಚ್ಚರ ಬೇಕು. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಅನುಮತಿ ಪಡೆದೇ ಕೆಲಸ. 1992ರ ಜೂನ್ 16ಕ್ಕೆ ಮುಂಚೆ ಕಟ್ಟಿದ ಕಟ್ಟಡವಾದರೆ ನಿಷಿದ್ಧ ವಲಯದಲ್ಲೂ ದುರಸ್ತಿಗೆ ಅರ್ಜಿ ಹಾಕಲು ಅವಕಾಶವಿದೆ. ಹಾಗಾಗಿ ಹಳೆಯ ಕಂದಾಯದ ರಸೀದಿ, ಕರೆಂಟ್ ಬಿಲ್ ಏನೇ ಸಿಕ್ಕಿದರೂ ಎತ್ತಿಡಿ. ಕಟ್ಟಡದ ವಯಸ್ಸಿಗೆ ಅವೇ ಸಾಕ್ಷಿ.

ವಿದ್ಯುತ್ ಬಾಕಿ ಇದೆಯೇ ಎಂದು ಕಟ್ಟಡ ಕೊಳ್ಳುವ ಮುಂಚೆಯೇ ಸೆಸ್ಕ್ (ಈ ಭಾಗದ ವಿದ್ಯುತ್ ಕಂಪನಿ) ಉಪವಿಭಾಗದ ಕಚೇರಿಯಲ್ಲಿ ಬಿಲ್ಲಿನ ಮೇಲಿರುವ ಆರ್.ಆರ್. ಸಂಖ್ಯೆ ಕೊಟ್ಟು ವಿಚಾರಿಸಿ. ಗಿರಣಿಯ ಹಳೆಯ ಬಾಕಿ ಹೊಸ ಮಾಲೀಕರ ತಲೆಗೆ ಬರುತ್ತದೆ.

ನೀರನ್ನು ನೋಡುವ ಕಾಲ

ಬೇಸಿಗೆಯಲ್ಲಿ ಹೋಗಿ ನೋಡಿದ ಕಟ್ಟಡ ಒಣಗಿಯೇ ಇರುತ್ತದೆ. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನಲ್ಲಿ ಮಳೆಗಿಂತ ನಾಲೆಯದ್ದೇ ಲೆಕ್ಕ. ನಾಲೆಗೆ ನೀರು ಬಿಟ್ಟು, ಪಕ್ಕದ ಗದ್ದೆಯಲ್ಲಿ ನಾಟಿಯಾಗಿ ನೀರು ನಿಂತಾಗ ಅಂತರ್ಜಲ ಮೇಲೇಳುತ್ತದೆ. ಗೋಡೆಯ ಬುಡಕ್ಕೆ ತೇವ ಏರುವುದು ಆಗ. ನೀರು ಬಿಟ್ಟು ಮೂರು ನಾಲ್ಕು ವಾರ ಕಳೆದ ಮೇಲೆ ಒಮ್ಮೆ ಹೋಗಿ ನೋಡಿ. ಪಕ್ಕದ ಬಾವಿಯಲ್ಲಿ ನೀರು ನೆಲದಿಂದ ಎಷ್ಟು ಅಡಿ ಕೆಳಗಿದೆ ಎಂದು ಅಳೆದು ಬರೆದುಕೊಳ್ಳಿ. ಮುಂದೆ ಸೆಪ್ಟಿಕ್ ಟ್ಯಾಂಕಿಗೂ ಈ ಅಳತೆ ಬೇಕಾಗುತ್ತದೆ.

ಗೋಡೆಯ ತೇವ ಹೊರಗಿನಿಂದ ಏರಿದ್ದೋ ಒಳಗಿನ ಆವಿಯದ್ದೋ ತಿಳಿಯಲು ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚು ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಗೋಡೆಯ ಕಡೆ ಹನಿ ಕಂಡರೆ ತೇವ ಗೋಡೆಯದ್ದು. ಕೋಣೆಯ ಕಡೆ ಹನಿ ಕಂಡರೆ ಗಾಳಿಯಾಡದ ತೊಂದರೆ, ಕಿಟಕಿಯಿಂದ ಸರಿಹೋಗುತ್ತದೆ.

ಬಿರುಕುಗಳ ಅಗಲಕ್ಕಿಂತ ಅವು ಈಗಲೂ ಬೆಳೆಯುತ್ತಿವೆಯೇ ಎಂಬುದು ಮುಖ್ಯ. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು ಎರಡು ತುದಿಗೂ ಗಾರೆ ಮೆತ್ತಿ, ದಿನಾಂಕ ಬರೆಯಿರಿ. ಒಂದು ಮಳೆಗಾಲ ಕಳೆದು ಗಾಜು ಒಡೆಯದಿದ್ದರೆ ಬಿರುಕು ಹಳೆಯದು, ತುಂಬಿದರೆ ಸಾಕು. ಒಡೆದರೆ ಪಾಯ ಇನ್ನೂ ಇಳಿಯುತ್ತಿದೆ. ಎರೆ ಮಣ್ಣಿನ ಜಾಗಗಳಲ್ಲಿ ಇದು ಹೆಚ್ಚು. ತೂಗುಗುಂಡು ಬಿಟ್ಟು ನೋಡಿದಾಗ 18 ಇಂಚಿನ ಗೋಡೆ 10 ಅಡಿ ಎತ್ತರದಲ್ಲಿ 2 ಇಂಚಿಗಿಂತ ಹೆಚ್ಚು ವಾಲಿದ್ದರೆ, ಅಥವಾ ಕಲ್ಲಿನ ಗೋಡೆ ನಡುವೆ ಉಬ್ಬಿ ತಟ್ಟಿದಾಗ ಪೊಳ್ಳು ಸದ್ದು ಬಂದರೆ, ಸ್ಟ್ರಕ್ಚರಲ್ ಎಂಜಿನಿಯರ್ ನೋಡುವವರೆಗೆ ಮುಂಗಡ ಕೊಡಬೇಡಿ. ಉಬ್ಬಿದ ಕಲ್ಲಿನ ಗೋಡೆಯಲ್ಲಿ ಒಳಮೈ ಹೊರಮೈ ಬೇರೆಯಾಗಿ, ನಡುವಿನ ಮಣ್ಣು ತೊಳೆದುಹೋಗಿರುತ್ತದೆ. ಮೈಸೂರಿನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತದ್ದು 2012ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದದ್ದು 2016ರ ಆಗಸ್ಟ್‌ನಲ್ಲಿ. ಎರಡೂ ಮಳೆಗಾಲದ ತಿಂಗಳು. ಹಳೆಯ ಗಾರೆಯ ಕಟ್ಟಡದೊಳಗೆ ನೀರು ಇಳಿಯಲು ಬಿಟ್ಟರೆ ಅದು ಹೇಳಿಕೇಳಿ ಬೀಳುವುದಿಲ್ಲ.

ಪರಿಹಾರದ ಮೊದಲ ಹೆಜ್ಜೆ ಹೊರಗಿನದು. ಸುತ್ತಲ ನೆಲ ವರ್ಷವರ್ಷ ಏರಿ ಒಳನೆಲಕ್ಕಿಂತ ಮೇಲೆ ಬಂದಿರುತ್ತದೆ, ಅದನ್ನು ಒಳನೆಲಕ್ಕಿಂತ ಕನಿಷ್ಠ 6 ಇಂಚು ಕೆಳಕ್ಕೆ ಕೆತ್ತಿಸಿ. ಗೋಡೆಯಿಂದ 3 ಅಡಿ ಬಿಟ್ಟು 1 ಅಡಿ ಅಗಲ, ಒಂದೂವರೆ ಅಡಿ ಆಳದ ಕಾಲುವೆ ತೋಡಿ, 100 ಅಡಿಗೆ 1 ಅಡಿ ಇಳಿಜಾರು ಕೊಟ್ಟು, ತೂತು ಕೊರೆದ 4 ಇಂಚಿನ ಪೈಪ್ ಇಟ್ಟು, 40 ಮಿ.ಮೀ. ಜಲ್ಲಿ ತುಂಬಿ. ಜಲ್ಲಿಯ ಸುತ್ತ ನೀರು ಬಿಟ್ಟು ಮಣ್ಣು ತಡೆಯುವ ಜಿಯೊಟೆಕ್ಸ್‌ಟೈಲ್ ಬಟ್ಟೆ ಹೊದಿಸದಿದ್ದರೆ ಮಣ್ಣು ಸೇರಿ ಕಾಲುವೆ ಮುಚ್ಚಿಹೋಗುತ್ತದೆ. ಹಳೆಯ ಪಾಯದ ಆಳ ಎಷ್ಟೆಂದು ಒಂದು ಕಡೆ ಗುಂಡಿ ತೋಡಿ ನೋಡಿಕೊಂಡೇ ಕಾಲುವೆ ತೆಗೆಸಿ. ಪಾಯದ ತಳಕ್ಕಿಂತ ಕೆಳಗೆ ಹೋದರೆ ಗೋಡೆಯ ಕಾಲಡಿಯ ಮಣ್ಣೇ ಜಾರುತ್ತದೆ.

ಸೂರು

ಹೆಂಚು ಇಳಿಸುವ ಕೆಲಸವನ್ನು ಡಿಸೆಂಬರ್ ಕೊನೆಗೆ ಶುರುಮಾಡಿ ಮಾರ್ಚ್ ಒಳಗೆ ಮುಗಿಸಿ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಜೊತೆ ಬರುವ ಗಾಳಿ ತೆರೆದ ಸೂರಿನ ಮೇಲಿನ ಟಾರ್ಪಾಲಿನ್ ನಿಲ್ಲಗೊಡುವುದಿಲ್ಲ.

ಹೆಂಚನ್ನು ಇಳಿಸಿದ ಮೇಲೆ ನೆಟ್ಟಗೆ ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿ, ಮಲಗಿಸಿ ಪೇರಿಸಿದರೆ ಕೆಳಗಿನವು ಒಡೆಯುತ್ತವೆ. ಬೆರಳ ಗೆಣ್ಣಿನಿಂದ ತಟ್ಟಿದಾಗ ಠಣ್ ಎಂದರೆ ಉಳಿಸಿಕೊಳ್ಳಿ, ಮಂದ ಸದ್ದಾದರೆ ಬಿಡಿ. ಇಳಿಸುವಾಗ, ತೊಳೆಯುವಾಗ ನೂರಕ್ಕೆ ಹತ್ತು ಹದಿನೈದು ಹೋಗುವುದು ಸಹಜ. ಅಷ್ಟನ್ನು ಅದೇ ಕಾರ್ಖಾನೆಯ ಮುದ್ರೆ ಇರುವ ಹಳೆಯ ಹೆಂಚಿನಲ್ಲೇ ಹುಡುಕಿ. ಬೇರೆ ಕಾರ್ಖಾನೆಯದ್ದಾದರೆ ಒಂದಕ್ಕೊಂದು ಕಚ್ಚಿಕೊಳ್ಳುವ ಅಂಚು ಸರಿಯಾಗಿ ಕೂರುವುದಿಲ್ಲ, ಸಂದಿಯಲ್ಲಿ ನೀರು ಇಳಿಯುತ್ತದೆ.

ತೊಲೆ, ಜಂತೆಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ನಡುಭಾಗ ಗಟ್ಟಿಯಾಗಿ ಕಂಡರೂ ಗೋಡೆಯೊಳಗೆ ಹುದುಗಿದ ತುದಿಯೇ ಮೊದಲು ಕೊಳೆಯುವುದು, ಗೆದ್ದಲು ಹತ್ತುವುದೂ ಅಲ್ಲೇ. ತುದಿ ಮಾತ್ರ ಹಾಳಾಗಿದ್ದರೆ ತೊಲೆ ಎಸೆಯಬೇಕಿಲ್ಲ. ಕೊಳೆತಷ್ಟನ್ನು ಕತ್ತರಿಸಿ ಎರಡು ಬದಿಗೂ ಕಬ್ಬಿಣದ ಚಾನೆಲ್ ಇಟ್ಟು, ಬೋಲ್ಟ್ ಬಿಗಿದು ಉದ್ದ ಮಾಡಬಹುದು. ಗೋಡೆಯೊಳಗೆ ಕೂರುವ ತುದಿಯ ಸುತ್ತ ಅರ್ಧ ಇಂಚು ಗಾಳಿ ಬಿಡಿ, ಗಾರೆಯಿಂದ ಮೆತ್ತಿ ಮುಚ್ಚಬೇಡಿ.

ಎಲ್ಲಕ್ಕಿಂತ ದೊಡ್ಡ ತಪ್ಪು ತೂಕದ್ದು. ಕಬ್ಬಿಣದ ತಗಡಿನ ಸೂರು ಚದರ ಮೀಟರ್‌ಗೆ ಸುಮಾರು 5 ಕಿಲೋ, 6 ಮಿ.ಮೀ. ಆಸ್ಬೆಸ್ಟಾಸ್ ಶೀಟು ಸುಮಾರು 14 ಕಿಲೋ. ಮಂಗಳೂರು ಹೆಂಚು ಚದರ ಮೀಟರ್‌ಗೆ 15ರಷ್ಟು ಬೇಕು, ಒಣಗಿದ್ದಾಗಲೇ 40 ಕಿಲೋ ದಾಟುತ್ತದೆ, ಮಳೆ ಕುಡಿದ ಮೇಲೆ ಇನ್ನೂ ಹೆಚ್ಚು. ಶೀಟಿಗೆಂದು ಮಾಡಿದ ಗಿರಣಿಯ ಟ್ರಸ್ (ಸೂರು ಹೊರುವ ತ್ರಿಕೋನದ ಚೌಕಟ್ಟು) ಮೇಲೆ ಅಂದಕ್ಕಾಗಿ ಹೆಂಚು ಹೊದಿಸಿದರೆ ಟ್ರಸ್ ಬಾಗುತ್ತದೆ. ಅಂಥಲ್ಲಿ 50 ಮಿ.ಮೀ. ದಪ್ಪದ ಪಫ್ ಶೀಟ್ (ಎರಡು ತಗಡಿನ ನಡುವೆ ಫೋಮ್ ಇರುವ ಶೀಟು) ಹಾಕಿ. ತೂಕ ಹಗುರ, ಬಿಸಿಲೂ ಇಳಿಯುವುದಿಲ್ಲ. ಹೆಂಚಿನ ಸೂರಿಗೆ ಬಿಸಿಲು ತಡೆಯಲು ಕೆಳಗೊಂದು ಸಾಲು ಸೀಲಿಂಗ್ ಹೆಂಚು ಹಾಕುವುದು ಒಳ್ಳೆಯ ಪದ್ಧತಿ, ಆದರೆ ಅದರ ತೂಕವನ್ನೂ ತೊಲೆಯ ಲೆಕ್ಕಕ್ಕೆ ಸೇರಿಸಿ. ಹೆಂಚಿಗೆ ಇಳಿಜಾರು 25 ಡಿಗ್ರಿಗಿಂತ ಕಡಿಮೆ ಆದರೆ ಗಾಳಿ ಮಳೆಯಲ್ಲಿ ನೀರು ಹಿಂದಕ್ಕೆ ನುಗ್ಗುತ್ತದೆ.

ಆಸ್ಬೆಸ್ಟಾಸ್ ಶೀಟಿದ್ದರೆ ಅದರ ಕೆಲಸ ಬೇರೆಯೇ. ಒಡೆದಾಗ, ಕತ್ತರಿಸಿದಾಗ, ಕೊರೆದಾಗ ಏಳುವ ನಾರಿನ ಧೂಳು ಶ್ವಾಸಕೋಶಕ್ಕೆ ಹೋಗಿ ಹತ್ತಾರು ವರ್ಷಗಳ ಮೇಲೆ ಕ್ಯಾನ್ಸರ್ ತರಬಲ್ಲದು. ಬಟ್ಟೆ ಕಟ್ಟಿಕೊಂಡರೆ, ಸಾಧಾರಣ ಮಾಸ್ಕ್ ಹಾಕಿಕೊಂಡರೆ ಅದು ನಿಲ್ಲುವುದಿಲ್ಲ, ಪಿ100 ದರ್ಜೆಯ ಫಿಲ್ಟರ್ ಇರುವ ಮುಖವಾಡವೇ ಬೇಕು. ಇದನ್ನು ಅನುಭವ ಇರುವ ತಂಡಕ್ಕೇ ವಹಿಸಿ. ಶೀಟನ್ನು ನೀರಿನಿಂದ ನೆನೆಸಿ, ಬೋಲ್ಟನ್ನು ಕತ್ತರಿಸಿ ಇಡಿಯಾಗಿ ಬಿಡಿಸಿ, ಹಗ್ಗದಲ್ಲಿ ಇಳಿಸಿ, ದಪ್ಪ ಪಾಲಿಥಿನ್‌ನಲ್ಲಿ ಸುತ್ತಬೇಕು. ಎಲ್ಲಿಗೆ ಒಪ್ಪಿಸಬೇಕೆಂದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಕೇಳಿ. ಚೂರುಗಳನ್ನು ನೆಲ ತುಂಬಲು ಮಾತ್ರ ಎಂದಿಗೂ ಬಳಸಬೇಡಿ. ಶೀಟಿನ ಮೇಲೆ ನೇರ ಕಾಲಿಡಲೂ ಯಾರನ್ನೂ ಬಿಡಬೇಡಿ. ಹಳೆಯ ಶೀಟು ಮುರಿದು 20 ಅಡಿ ಕೆಳಗೆ ಬಿದ್ದರೆ ಉಳಿಯುವುದು ಕಷ್ಟ. ಹಲಗೆ ಹಾಸಿ, ಸೊಂಟಕ್ಕೆ ಹಗ್ಗ ಕಟ್ಟಿಯೇ ಹತ್ತಬೇಕು.

ಗೋಡೆ: ಸಿಮೆಂಟ್ ಬೇಡ, ಸುಣ್ಣ ಬೇಕು

ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲು ಅಥವಾ ಇಟ್ಟಿಗೆಯ ಗೋಡೆ ಬುಡದಿಂದ ಸ್ವಲ್ಪ ತೇವ ಎಳೆಯುತ್ತದೆ, ಮೈಯಿಂದ ಅದನ್ನು ಗಾಳಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ಬಿಡುವ ದಾರಿ ಮುಚ್ಚುತ್ತದೆ. ತೇವ ಮೇಲೆ ಮೇಲೆ ಏರಿ ಸಿಮೆಂಟ್ ಮುಗಿದ ಕಡೆ ಹೊರಬರುತ್ತದೆ, ಜೊತೆಗೆ ತಂದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಅದನ್ನು ತಳ್ಳಿ ಉದುರಿಸುತ್ತದೆ. ವಾಟರ್‌ಪ್ರೂಫ್ ಪೇಂಟ್ ಬಳಿದರೂ ಇದೇ ಕಥೆ, ಇನ್ನೂ ಬೇಗ.

ಮೊದಲು ಹಳೆಯ ಸಿಮೆಂಟನ್ನು ತೇವದ ಗೆರೆಗಿಂತ 3 ಅಡಿ ಮೇಲಿನವರೆಗೆ ಕೈ ಉಳಿ, ಸುತ್ತಿಗೆಯಿಂದ ತೆಗೆಸಿ. ಬ್ರೇಕರ್ ಮಷೀನ್ ಇಳಿಸಿದರೆ ಕಲ್ಲೇ ಸಡಿಲವಾಗುತ್ತದೆ. ಬಿಳಿ ಉಪ್ಪು ಅರಳಿದ ಕಡೆ ಒಣ ಬ್ರಷ್‌ನಿಂದ ಉಜ್ಜಿ, ಉದುರಿದ್ದನ್ನು ಹೊರಗೆ ಹಾಕಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಆಮೇಲೆ ಗೋಡೆಯನ್ನು ಒಂದು ಬೇಸಿಗೆ ಬರಿಮೈಯಲ್ಲಿ ಬಿಡಿ. ಮನೆಯವರಿಗೆ ತಾಳ್ಮೆ ತಪ್ಪುವುದು ಇಲ್ಲೇ, ಆದರೂ ಈ ತಿಂಗಳುಗಳನ್ನು ಉಳಿಸಲು ಹೋಗಬೇಡಿ.

ಸುಣ್ಣವನ್ನು ಚೀಲದ ಪುಡಿಯಾಗಿ ತರುವ ಬದಲು ಸುಟ್ಟ ಸುಣ್ಣದ ಕಲ್ಲನ್ನೇ ತಂದು ತೊಟ್ಟಿಯಲ್ಲಿ ಅರಳಿಸಿ. ತೊಟ್ಟಿಯಲ್ಲಿ ಮೊದಲು ನೀರು ತುಂಬಿ, ಅದಕ್ಕೆ ಕಲ್ಲನ್ನು ಸ್ವಲ್ಪಸ್ವಲ್ಪ ಹಾಕಬೇಕು. ಕಲ್ಲಿನ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಯಾರೂ ತೊಟ್ಟಿಯ ಹತ್ತಿರ ಹೋಗಬಾರದು, ಮಕ್ಕಳನ್ನಂತೂ ಆಚೆಗೇ ಇಡಿ. ಅರಳಿದ ಸುಣ್ಣವನ್ನು ಜರಡಿ ಹಿಡಿದು, ಮೇಲೆ ಎರಡು ಇಂಚು ನೀರು ನಿಲ್ಲಿಸಿ ಕನಿಷ್ಠ ಮೂರು ವಾರ ಕೊಳೆಹಾಕಿ. ಅರೆಬರೆ ಅರಳಿದ ಹರಳು ಉಳಿದರೆ ಅದು ಗೋಡೆಗೆ ಹತ್ತಿದ ಮೇಲೆ ಅರಳಿ, ಅಲ್ಲಲ್ಲಿ ಕಡಲೆಗಾತ್ರದ ಕುಳಿ ಬೀಳುತ್ತದೆ.

ಮೊದಲ ಪದರಕ್ಕೆ 1 ಪಾಲು ಸುಣ್ಣ, 1 ಪಾಲು ಸುರ್ಕಿ, 2 ಪಾಲು ಮರಳು. ಸುರ್ಕಿ ಎಂದರೆ ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿ, ಅರೆಬೆಂದದ್ದು ಬರೀ ಮಣ್ಣು. ಕೊನೆಯ ಪದರಕ್ಕೆ 1 ಪಾಲು ಸುಣ್ಣಕ್ಕೆ 3 ಪಾಲು ನಯವಾದ ಮರಳು. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಆದರೆ ಪ್ಲಾಸ್ಟರಿಂಗ್‌ಗೆಂದೇ ತೊಳೆದು ಮಾರುವುದನ್ನು ಕೇಳಿ, ಧೂಳು ಹೆಚ್ಚಿದ್ದರೆ ಕೂದಲು ಬಿರುಕು ಬರುತ್ತದೆ. ಒಂದು ಪದರ 12 ಮಿ.ಮೀ. ದಾಟಬಾರದು. ಪದರದಿಂದ ಪದರಕ್ಕೆ ಕನಿಷ್ಠ ಒಂದು ವಾರ ಅಂತರ ಇರಲಿ, ಅಷ್ಟೂ ದಿನ ಒದ್ದೆ ಗೋಣಿಚೀಲ ಇಳಿಬಿಟ್ಟಿರಿ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಪಡುವಣ ಗೋಡೆಗೆ ಮಧ್ಯಾಹ್ನ ಹಚ್ಚಿಸಬೇಡಿ, ಒಂದೇ ದಿನಕ್ಕೆ ಒಣಗಿ ಪುಡಿಯಾಗುತ್ತದೆ. ಅಳಲೆಕಾಯಿ ಮತ್ತು ಬೆಲ್ಲದ ನೀರನ್ನು ಗಾರೆಗೆ ಬೆರೆಸುವುದು ಹಳೆಯ ಮೇಸ್ತ್ರಿಗಳ ಪದ್ಧತಿ. ಅದನ್ನು ಬಲ್ಲವರು ಸಿಕ್ಕರೆ ಅವರ ಅಳತೆಯಂತೆ ನಡೆಯಿರಿ, ಮೊದಲು ಒಂದು ಮೂಲೆಯಲ್ಲಿ ಹಚ್ಚಿಸಿ ನೋಡಿ. ಬಣ್ಣಕ್ಕೆ ಮೂರು ಕೈ ಸುಣ್ಣ ಹೊಡೆಸಿ. ಎಮಲ್ಷನ್ ಬೇಡ.

ಹೊಸ ಕಿಟಕಿ, ಬಾಗಿಲು ಬೇಕೇ ಬೇಕಾಗುತ್ತದೆ, ಏಕೆಂದರೆ ಗಿರಣಿಯ ಗೋಡೆಯಲ್ಲಿ ಬೆಳಕಿನ ಕಿಂಡಿ ಮೇಲೆಲ್ಲೋ ಇರುತ್ತದೆ. ಒಂದು ಸಲಕ್ಕೆ ಒಂದೇ ಕಡೆ ಒಡೆಯಿರಿ. ಮೂಲೆಯಿಂದ 3 ಅಡಿ ಒಳಗೆ ತೆರೆಯಬೇಡಿ. ಮೇಲಿನ ಗೋಡೆಗೆ ಅಡ್ಡ ಕಬ್ಬಿಣ ತೂರಿಸಿ ಎರಡೂ ಬದಿ ಜಾಕಿ ಕೊಟ್ಟು, ಲಿಂಟಲ್ (ಕಿಟಕಿ, ಬಾಗಿಲ ಮೇಲಿನ ಅಡ್ಡ ತೊಲೆ) ಇಟ್ಟು ಗಟ್ಟಿಯಾದ ಮೇಲೆಯೇ ಕೆಳಗಿನದನ್ನು ತೆಗೆಯಬೇಕು. ಲಿಂಟಲ್ ಎರಡೂ ಕಡೆ 9 ಇಂಚು ಗೋಡೆಯ ಮೇಲೆ ಕೂರಲಿ. ವೈರಿಂಗ್‌ಗಾಗಿ, ನಲ್ಲಿ ಪೈಪಿಗಾಗಿ ಹಳೆಯ ಗೋಡೆಯನ್ನು ಕೊರೆಯಬೇಡಿ, ಪೈಪನ್ನು ಗೋಡೆಯ ಮೇಲೇ ಓಡಿಸಿ.

ಆಲೆಮನೆಯ ನೆಲ

ಇದು ಬೇರೆ ಯಾವ ಕಟ್ಟಡದಲ್ಲೂ ಇಲ್ಲದ ತೊಡಕು. ವರ್ಷಗಟ್ಟಲೆ ಕಬ್ಬಿನ ಹಾಲು, ಬೆಲ್ಲದ ಪಾಕ ಚೆಲ್ಲಿ ನೆಲದ ಮಣ್ಣು ಸಕ್ಕರೆ ಕುಡಿದಿರುತ್ತದೆ. ಅದರ ಮೇಲೆಯೇ ಕಾಂಕ್ರೀಟ್ ಹಾಕಿದರೆ ಮಳೆಗಾಲದಲ್ಲಿ ಹುಳಿ ವಾಸನೆ, ಇರುವೆ, ಬೂಸ್ಟು ತಪ್ಪುವುದಿಲ್ಲ. ಸಕ್ಕರೆ ಹಸಿ ಕಾಂಕ್ರೀಟಿಗೆ ಸೇರಿದರೆ ಸಿಮೆಂಟ್ ಗಟ್ಟಿಯಾಗುವುದನ್ನೂ ತಡೆಯುತ್ತದೆ. ಆದ್ದರಿಂದ ಗಾಣದ ಸುತ್ತ, ಕೊಪ್ಪರಿಗೆಯ ಸುತ್ತ, ಅಚ್ಚು ಹಾಕುತ್ತಿದ್ದ ಜಾಗದಲ್ಲಿ ಕನಿಷ್ಠ 1 ಅಡಿ ಮಣ್ಣು ತೆಗೆಸಿ ಹೊರಗೆ ಸಾಗಿಸಿ. ಕಪ್ಪಗೆ, ಅಂಟಂಟಾಗಿ ಇರುವವರೆಗೂ ತೆಗೆಯುತ್ತಲೇ ಹೋಗಿ. ಎಂಜಿನ್ ನಿಂತಿದ್ದ ಜಾಗದಲ್ಲಿ ಡೀಸೆಲ್ ವಾಸನೆ ಇರುವ ಮಣ್ಣನ್ನೂ ಹೀಗೇ ತೆಗೆಸಿ. ಅದನ್ನು ತೋಟಕ್ಕೆ ಹರಡಬೇಡಿ.

ಒಲೆಯ ಗುಂಡಿಯಲ್ಲಿ ಬೂದಿ ಮತ್ತು ಸುಟ್ಟ ಮಣ್ಣು ತುಂಬಿರುತ್ತದೆ. ಎರಡೂ ಭಾರ ತಡೆಯುವುದಿಲ್ಲ. ಗಟ್ಟಿ ನೆಲ ಸಿಗುವವರೆಗೆ ಖಾಲಿ ಮಾಡಿ, ಗರಸು ಮಣ್ಣನ್ನು 6 ಇಂಚಿನ ಪದರಗಳಲ್ಲಿ ಹಾಕಿ, ಪ್ರತಿ ಪದರಕ್ಕೂ ನೀರು ಚಿಮುಕಿಸಿ ಕಂಪ್ಯಾಕ್ಟರ್‌ನಿಂದ ದಮ್ಮಸ್ಸು ಮಾಡಿಸಿ. ಒಡೆದ ಇಟ್ಟಿಗೆ, ಕಸವನ್ನು ಒಂದೇ ಸಲ ಸುರಿದು ಮುಚ್ಚಿದ ಗುಂಡಿಯ ಮೇಲಿನ ನೆಲ ಎರಡು ವರ್ಷದಲ್ಲಿ ಕೂರುತ್ತದೆ. ಗುಂಡಿಯ ಅಂಚಿನ ಮೇಲೆ ಹೊಸ ಗೋಡೆ ಎಬ್ಬಿಸಬೇಡಿ. ಹೊಗೆ ಗೂಡು ವಾಲಿದ್ದರೆ ಮೇಲಿನಿಂದ ಒಂದೊಂದೇ ಇಟ್ಟಿಗೆ ಬಿಡಿಸಿ ಇಳಿಸಬೇಕು, ಹಗ್ಗ ಕಟ್ಟಿ ಎಳೆದು ಬೀಳಿಸುವುದು ಪ್ರಾಣಕ್ಕೆ ಅಪಾಯ.

ನೆಲದ ಪದರಗಳು ಕೆಳಗಿನಿಂದ ಹೀಗೆ: ದಮ್ಮಸ್ಸು ಮಾಡಿದ ಗರಸು, ಅದರ ಮೇಲೆ 6 ಇಂಚು 40 ಮಿ.ಮೀ. ಜಲ್ಲಿ, ಪುಡಿ ಬೆರೆಸದೆ. ಜಲ್ಲಿಯ ಸಂದಿ ದೊಡ್ಡದಿರುವುದರಿಂದ ಕೆಳಗಿನ ತೇವ ಅದನ್ನು ದಾಟಿ ಏರುವುದಿಲ್ಲ. ಅದರ ಮೇಲೆ 4 ಇಂಚು ಸುಣ್ಣದ ಕಾಂಕ್ರೀಟ್, ಆಮೇಲೆ ಕಡಪ ಅಥವಾ ಶಹಾಬಾದ್ ಕಲ್ಲು, ಸುಣ್ಣದ ಗಾರೆಯಲ್ಲಿ. ಪಾಲಿಥಿನ್ ಹಾಸಿ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕುವುದು ಸುಲಭವೇ. ಆದರೆ ನೆಲದಲ್ಲಿ ದಾರಿ ಮುಚ್ಚಿದ ತೇವ ಗೋಡೆಯ ಬುಡ ಹಿಡಿಯುತ್ತದೆ. ಟೈಲ್ಸೇ ಬೇಕೆಂದರೆ ಗೋಡೆಯುದ್ದಕ್ಕೂ 6 ಇಂಚು ಅಗಲ ಕಲ್ಲಿನ ಅಂಚು ಬಿಟ್ಟು ಒಳಗೆ ಹಾಕಿಸಿ.

ಗೆದ್ದಲಿಗೆ ಕಲ್ಲು ಹಾಸುವ ಮುಂಚೆಯೇ ಮದ್ದು ಹೊಡೆಸಬೇಕು. ಆಮೇಲೆ ಹೊಡೆಸುವುದಾದರೆ ನೆಲ, ಗೋಡೆ ಸೇರುವ ಕಡೆ 1 ಅಡಿಗೊಂದು 12 ಮಿ.ಮೀ. ತೂತು ಕೊರೆಯಬೇಕಾಗುತ್ತದೆ. ಹತ್ತಿರದಲ್ಲಿ ಬಾವಿ, ನಾಲೆ ಇದ್ದರೆ ಮದ್ದಿನವರಿಗೆ ಮೊದಲೇ ತಿಳಿಸಿ.

ಗಿರಣಿಯ ಒಳಗೆ ಅಟ್ಟ

ಅಕ್ಕಿ ಗಿರಣಿಯಲ್ಲಿ ಭತ್ತವನ್ನು ಮೇಲಕ್ಕೆತ್ತುವ ಎಲಿವೇಟರ್ ಕೂತಿದ್ದ ಆಳದ ಗುಂಡಿ, ಯಂತ್ರಗಳ ಕಾಂಕ್ರೀಟ್ ದಿಮ್ಮಿ ಎರಡೂ ಉಳಿದಿರುತ್ತವೆ. ದಿಮ್ಮಿಯನ್ನು ಒಡೆಯುವುದು ದುಬಾರಿ. ನೆಲವನ್ನು ಅದರ ಮಟ್ಟಕ್ಕೆ ಏರಿಸಿ, ಬೋಲ್ಟನ್ನಷ್ಟೇ ಕತ್ತರಿಸುವುದು ಲೇಸು. ಗುಂಡಿ ಒಣಗಿದ್ದರೆ ಮುಚ್ಚಿ. ನೀರು ಒಸರುತ್ತಿದ್ದರೆ ಮುಚ್ಚಿದರೂ ಒಸರುತ್ತದೆ, ಅದನ್ನು ಹೊರಗಿನ ಜಲ್ಲಿ ಕಾಲುವೆಗೆ ಸೇರಿಸಿದ ಮೇಲೆಯೇ ತುಂಬಿ.

ಸೂರು 18, 20 ಅಡಿ ಇದ್ದರೆ ಅಟ್ಟಕ್ಕೆ ಧಾರಾಳ ಜಾಗವಿದೆ. ಕೆಳಗಿನ ಕೋಣೆಗೆ 2.75 ಮೀಟರ್, ಅಟ್ಟದ ಮೇಲೆ ಕನಿಷ್ಠ 2.2 ಮೀಟರ್ ಎತ್ತರ ಇಟ್ಟುಕೊಳ್ಳಿ. ಅಟ್ಟದ ಭಾರವನ್ನು ಹಳೆಯ ಗೋಡೆಗೆ ಕೊಡಬೇಡಿ. ವಾಸದ ಮನೆಗೆ ಚದರ ಮೀಟರ್‌ಗೆ 200 ಕಿಲೋ ಬಳಕೆಯ ಭಾರ, ಮೇಲೆ ಅಟ್ಟದ ಸ್ವಂತ ತೂಕ. ಮಣ್ಣಿನ ಗಾರೆಯ ಗೋಡೆಗೆ ತೊಲೆ ತೂರಿಸಿದರೆ ಅಷ್ಟೂ ಒಂದೇ ಬಿಂದುವಿನ ಮೇಲೆ ಬಿದ್ದು ಗೋಡೆ ಸೀಳುತ್ತದೆ. ಗೋಡೆಯಿಂದ 3 ಅಡಿ ಒಳಗೆ, 10ರಿಂದ 12 ಅಡಿಗೊಂದು ಕಬ್ಬಿಣದ ಕಂಬ ನಿಲ್ಲಿಸಿ, ಪ್ರತಿ ಕಂಬಕ್ಕೂ ಬೇರೆ ಪಾಯ ಕೊಡಿ. ಹೊಸ ಪಾಯ ಹಳೆಯದಕ್ಕಿಂತ ಆಳಕ್ಕೆ ಹೋಗಲೇಬೇಕಿದ್ದರೆ, ಎಷ್ಟು ಆಳ ಹೆಚ್ಚೋ ಕನಿಷ್ಠ ಅಷ್ಟು ದೂರ ಗೋಡೆಯಿಂದ ಸರಿಯಿರಿ.

ಹಳೆಯ ವೈರಿಂಗ್ ಒಂದೆಳೆಯನ್ನೂ ಉಳಿಸಿಕೊಳ್ಳಬೇಡಿ. ಹೊಸ ಅರ್ಥಿಂಗ್, 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಕಡ್ಡಾಯ. ಗಿರಣಿಯ ಮಂಜೂರಾತಿ ಹಾರ್ಸ್‌ಪವರ್‌ನಲ್ಲಿರುತ್ತದೆ (1 ಎಚ್‌ಪಿ ಎಂದರೆ 0.746 ಕಿಲೋವ್ಯಾಟ್). ಅದನ್ನು ಗೃಹಬಳಕೆಯ ದರಕ್ಕೆ ಬದಲಿಸಿ ಬೇಕಾದಷ್ಟಕ್ಕೆ ಇಳಿಸಿಕೊಳ್ಳದಿದ್ದರೆ ತಿಂಗಳು ತಿಂಗಳು ನಿಗದಿತ ಶುಲ್ಕ ಸುಮ್ಮನೆ ಕಟ್ಟುತ್ತಿರಬೇಕಾಗುತ್ತದೆ.

ಬಚ್ಚಲು, ಶೌಚಾಲಯಗಳನ್ನು ಹಳೆಯ ಗೋಡೆಗೆ ಅಂಟಿಸದೆ ಹಿಂದೆ ಒಂದು ಹೊಸ ಕಟ್ಟಾಗಿ ಮಾಡಿ. ಐದು ಜನರ ಮನೆಗೆ ಸೆಪ್ಟಿಕ್ ಟ್ಯಾಂಕ್ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, ನೀರಿನ ಆಳ 1 ಮೀಟರ್ ಇದ್ದರೆ ಸಾಕು. ಬಾವಿಯಿಂದ 50 ಅಡಿ ದೂರ ಇರಲಿ. ನಾಲೆ ಹರಿಯುವಾಗ ಬಾವಿಯ ನೀರು ನೆಲಕ್ಕೆ ಆರೇಳು ಅಡಿಗೇ ಬರುವ ಜಾಗದಲ್ಲಿ ಇಂಗುಗುಂಡಿ ಕೆಲಸ ಮಾಡುವುದಿಲ್ಲ. ಅಲ್ಲಿ ಟ್ಯಾಂಕಿನಿಂದ ಹೊರಬರುವ ನೀರನ್ನು ನೆಲಮಟ್ಟಕ್ಕಿಂತ ಮೇಲೆ ಕಟ್ಟಿದ ಜಲ್ಲಿ, ಮರಳಿನ ಪಾತಿಗೆ ಬಿಟ್ಟು ಬಾಳೆ, ಕೆಸು ಹಾಕಿ.

ಕಬ್ಬಿನ ಗದ್ದೆಯ ಪಕ್ಕದ ಮನೆಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಸೂರು, ಗೋಡೆ ಸೇರುವ ಸಂದಿಗೆಲ್ಲ 6 ಮಿ.ಮೀ. ಕಣ್ಣಿನ ಜಿಐ ಜಾಲರಿ ಹೊಡೆಸಿ, ಗಾಳಿಯೂ ಆಡಲಿ. ಇನ್ನು ಗೋಡೆಗೆ ಅಂಟಿಸಿ ಕಟ್ಟುವ ಕಪಾಟು, ವಾರ್ಡ್‌ರೋಬ್ ಕೆಲಸವನ್ನು ಮೊದಲ ವರ್ಷ ತಡೆಹಿಡಿಯಿರಿ. ನೆನೆದ ದಪ್ಪ ಗೋಡೆ ತಿಂಗಳಿಗೆ ಹೆಚ್ಚುಕಡಿಮೆ 1 ಇಂಚಿನಂತೆ ಒಣಗುತ್ತದೆ. 18 ಇಂಚಿನ ಗೋಡೆ ಎರಡೂ ಕಡೆಯಿಂದ ಒಣಗಿದರೂ ಒಂಬತ್ತು ತಿಂಗಳು. ಅಲ್ಲಿಯವರೆಗೆ ಮಂಚ, ಬೀರುಗಳನ್ನು ಗೋಡೆಯಿಂದ 2 ಇಂಚು ಈಚೆಗೆ ಇಟ್ಟು, ಒಂದು ಮಳೆಗಾಲ ಮತ್ತು ಒಂದು ನಾಲೆ ನೀರಿನ ಹಂಗಾಮು ಕಳೆದ ಮೇಲೆ ಪ್ಲಾಸ್ಟಿಕ್ ಹಾಳೆಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಗೋಡೆಯ ಕಡೆ ಹನಿ ಇಲ್ಲವೆಂದಾದರೆ ಬಡಗಿಯನ್ನು ಕರೆಯಿರಿ.